ಒಬ್ಬರು ಓದಬೇಕು, ಒಬ್ಬರು ನೋಡಬೇಕು

ಭಾಷಣದ ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅವನ ಓದು ನಿಂತಿತು. ಕನ್ನಡಿಯ ಮುಂದೆ ನಿಂತು, ಎಡಗೈಯಲ್ಲಿ ಹಾಳೆ ಹಿಡಿದು, ಬಲಗೈಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಗಟ್ಟಿಯಾಗಿ ಓದುತ್ತಿದ್ದ. ‘ನಮ್ಮ ಮೇಜರ್ ಸಾಹೇಬರು ತಮ್ಮ ಜೀವಮಾನದಲ್ಲಿ ಯಾವುದನ್ನೂ ಕಣ್ಣಾರೆ ನೋಡದೆ ಸರಿ ಎಂದವರಲ್ಲ’ ಎಂಬ ವಾಕ್ಯ ಅದು. ಅದನ್ನು ಬರೆದವನೂ ಅವನೇ, ಮೊನ್ನೆ ಆಫೀಸಿನಲ್ಲಿ ಕೂತು, ಒಂದು ಕಾಟು ಗೀಟೂ ಇಲ್ಲದೆ. ಬರೆಯುವಾಗ ಪೆನ್ನು ಸರಾಗ ಓಡಿತ್ತು. ಈಗ ನಾಲಿಗೆ ಮೇಲಂಗುಳಿಗೆ ಅಂಟಿಕೊಂಡು ಕೂತಿತು. ಅಡುಗೆಮನೆಯಿಂದ ಹೆಂಡತಿ, “ಯಾಕ್ರೀ ನಿಲ್ಲಿಸಿದ್ರಿ? ಚೆನ್ನಾಗೇ ಬರ್ತಿತ್ತಲ್ಲ” ಎಂದಳು. “ಗುಂಡಿ ಕಿತ್ತೋಯ್ತು” ಎಂದ. ಅವಳು ಸೂಜಿ ದಾರ ಹಿಡಿದುಕೊಂಡೇ ಬಂದಳು. ಐದೂ ಗುಂಡಿಗಳು ಇದ್ದ ಜಾಗದಲ್ಲಿ ಭದ್ರವಾಗಿ ಕೂತಿದ್ದವು. ಅವಳು ಗುಂಡಿಗಳನ್ನು ನೋಡಿದಳು, ಅವನ ಮುಖ ನೋಡಿದಳು. “ಯಾವ ಗುಂಡಿ?” ಎಂದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಇಷ್ಟು ಸಣ್ಣ ಸುಳ್ಳು ಹೇಳಿ ಸಿಕ್ಕಿಬಿದ್ದದ್ದಕ್ಕೆ ಅವನ ಕಿವಿ ಬಿಸಿಯಾಯಿತು. “ಇನ್ನೂರು ಜನರ ಮುಂದೆ ಮಾತಾಡ್ಬೇಕು ಅಂತ ಭಯಾನಾ? ಬಸ್ ಸ್ಟ್ಯಾಂಡಲ್ಲಿ ಸಾವಿರ ಜನಕ್ಕೆ ಕೂಗ್ತಿದ್ದೋರು ನೀವು” ಎಂದು ನಗುತ್ತಾ ಒಳಗೆ ಹೋದಳು. ಅವಳ ನಗೆ ಕೇಳಿ ಅವನಿಗೆ ಅಳು ಬರುವಂತಾಯಿತು.

ಅವಳ ಮಾತು ನಿಜ. ಬಸ್ಸುಗಳ ಹೆಸರು, ವೇಳೆ, ನಿಲ್ಲುವ ಜಾಗ ಇವನ್ನು ಧ್ವನಿವರ್ಧಕದಲ್ಲಿ ಕೂಗುವ ಕೆಲಸದಲ್ಲಿದ್ದಾಗಲೇ ಮೇಜರ್ ಅವನನ್ನು ಕಂಡದ್ದು, ಕಂಡದ್ದಲ್ಲ, ಕೇಳಿದ್ದು. ಗಾಜಿನ ಗೂಡಿನ ಬಾಗಿಲು ತಳ್ಳಿಕೊಂಡು ಒಬ್ಬ ದಪ್ಪ ಮೀಸೆಯ ಮನುಷ್ಯ ಒಳಗೆ ಬಂದು, “ನಿಮ್ಮ ಧ್ವನಿ ಕೇಳಿದ್ರೆ ಮಲಗಿರೋನೂ ಎದ್ದು ಜೇಬು ಮುಟ್ಟಿ ನೋಡ್ಕೋತಾನೆ. ನನ್ನ ಜೊತೆ ಬನ್ನಿ” ಎಂದಿದ್ದ. ಸೈನ್ಯ ಬಿಟ್ಟು ಬಂದು, ಬೆಂಕಿ ಆರಿಸುವ ಸಿಲಿಂಡರುಗಳನ್ನು ತುಂಬಿ ರಿಪೇರಿ ಮಾಡುವ ಸಣ್ಣ ಕಾರ್ಖಾನೆ ಹಾಕಿದ್ದರು ಮೇಜರ್. ಗೋಡೆಗಳ ಮೇಲೆ ನೇತಾಡುವ ಆ ಕೆಂಪು ಸಿಲಿಂಡರುಗಳು ವರ್ಷಕ್ಕೊಮ್ಮೆ ಅಲ್ಲಿಗೆ ಬರಬೇಕು. ಬಿಚ್ಚಿ, ಪುಡಿ ತುಂಬಿ, ತೂಗಿ, ಮುಚ್ಚಿದ ಮೇಲೆ ಕಡೆಯ ತಪಾಸಣೆ. ಅದಕ್ಕೆ ಮೇಜರ್ ಮಾಡಿದ ನಿಯಮ ಒಂದೇ: ಒಬ್ಬರು ಓದಬೇಕು, ಒಬ್ಬರು ನೋಡಬೇಕು. ಓದುವವನು ಪಟ್ಟಿ ಹಿಡಿದು ಎತ್ತರದ ಕುರ್ಚಿಯಲ್ಲಿ ಕೂತು ‘ಪಿನ್ನು?’ ಎನ್ನಬೇಕು. ನೋಡುವವನು ಬೆಂಚಿನ ಮುಂದೆ ನಿಂತು, ಪಿನ್ನನ್ನು ಕೈಯಿಂದ ಮುಟ್ಟಿ, ‘ಸರಿ’ ಎನ್ನಬೇಕು. ‘ಕೊಳವೆ?’ ‘ಸರಿ.’ ‘ವಾಷರ್ ಹೊಸದು?’ ‘ಸರಿ.’ ‘ಮುಳ್ಳು ಹಸಿರಿನಲ್ಲಿ?’ ‘ಸರಿ.’ ಒಳಗಿನ ಗಾಳಿಯ ಒತ್ತಡ ತೋರಿಸುವ ಆ ಮುಳ್ಳು ಹಸಿರಿನಲ್ಲಿದ್ದರೆ ಸಿಲಿಂಡರ್ ಕೆಲಸಕ್ಕೆ ಬರುತ್ತದೆ, ಕೆಂಪಿಗೆ ಇಳಿದರೆ ಇಲ್ಲ. ಕಡೆಗೆ ಚೀಟಿಯ ಮೇಲೆ ಇಬ್ಬರ ಸಹಿ. ಓದುವವನಿಗೆ ಯಾಕೋ ಅನುಮಾನ ಬಂದರೆ ‘ಇನ್ನೊಮ್ಮೆ’ ಎನ್ನುವ ಹಕ್ಕಿತ್ತು. ಎಂದರೆ ನೋಡುವವನು, ಅವನು ಯಾರೇ ಆಗಿರಲಿ, ತುಟಿಪಿಟಕ್ಕೆನ್ನದೆ ಮೊದಲಿನಿಂದ ನೋಡಬೇಕು. ಇಪ್ಪತ್ತಾರು ವರ್ಷ ಆ ಕುರ್ಚಿಯಲ್ಲಿ ಕೂತು ಓದಿದವನಿಗೆ ಕೆಲಸಗಾರರು ಪಟ್ಟಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಇಪ್ಪತ್ತಾರು ವರ್ಷವೂ ಅವನೆದುರಿಗೆ ನಿಂತು ನೋಡಿದವರು ಮೇಜರ್. ಮಾಲೀಕರಾಗಿದ್ದರೂ ಆ ಜಾಗವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ಶಾಲೆಯವರೆಗೆ ನಡೆದೇ ಹೋಗುತ್ತೇನೆಂದು ಹೆಂಡತಿಗೆ ಹೇಳಿ ಒಬ್ಬನೇ ಹೊರಟ. ಮೇಜರರ ಸಂತಾಪ ಸಭೆ ಅಲ್ಲಿ ಹನ್ನೊಂದಕ್ಕೆ; ಅವಳು ಪಕ್ಕದ ಮನೆಯವರ ಜೊತೆ ಆಟೋದಲ್ಲಿ ಬರುತ್ತಾಳೆ. ಭಾನುವಾರದ ಬೀದಿ ಇನ್ನೂ ಆಕಳಿಸುತ್ತಿತ್ತು. ಮೂಲೆಯ ಔಷಧಿ ಅಂಗಡಿ ತೆರೆದಿತ್ತು, ಅದರ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಕೆಂಪು ಸಿಲಿಂಡರ್. ಬ್ಯಾಂಕಿನ ಗಾಜಿನೊಳಗೆ ಎರಡು. ಪೆಟ್ರೋಲ್ ಬಂಕಿನಲ್ಲಿ ಸಾಲಾಗಿ ನಾಲ್ಕು, ಮಳೆ ಬಿಸಿಲಿಗೆ ಬಣ್ಣ ಮಾಸಿದವು. ಅವು ಮೊದಲೂ ಅಲ್ಲೇ ಇದ್ದವು, ಆಗ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಯಾವ ಬಾಗಿಲೊಳಗೆ ಇಣುಕಿದರೂ ಮೊದಲು ಕಾಣುವುದು ಅದೇ. ಕಂಡ ಕೂಡಲೇ ಕಾಲು ಆ ಕಡೆ ತಿರುಗುತ್ತದೆ. ಹತ್ತಿರ ಹೋಗಿ ಮುಳ್ಳು ನೋಡದಿದ್ದರೆ ಆಗುವುದಿಲ್ಲ. ನೋಡಲು ಹೋದರೆ ಜೀವ ಬಾಯಿಗೆ ಬರುತ್ತದೆ. ಕಳೆದ ತಿಂಗಳು ಹೆಂಗಸರ ಬಟ್ಟೆ ಅಂಗಡಿಯೊಂದರಲ್ಲಿ, ಬಟ್ಟೆ ಹಾಕಿ ನೋಡುವ ಕೋಣೆಗಳ ಪಕ್ಕದ ಗೋಡೆಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದಾಗ ಕಾವಲುಗಾರ ಬಂದು ರಟ್ಟೆ ಹಿಡಿದಿದ್ದ. “ಏನ್ ಯಜಮಾನ್ರೇ, ವಯಸ್ಸಾಗಿದೆ, ನಾಚ್ಕೆ ಆಗಲ್ವಾ?” ಎಂದಿದ್ದ, ಹತ್ತು ಹೆಂಗಸರಿಗೆ ಕೇಳುವ ಹಾಗೆ. ಅವನು ರಟ್ಟೆ ಬಿಡಿಸಿಕೊಂಡು ಹೊರಗೆ ನಡೆದ. ಕೊಡಬೇಕಾದ ಉತ್ತರಕ್ಕಿಂತ ಆ ಬೈಗುಳವೇ ಹಗುರ ಎನ್ನಿಸಿತು. ಯಾಕೆಂದರೆ ಅಲ್ಲಿ ಮುಳ್ಳು ಕೆಂಪಿನಲ್ಲಿತ್ತು. ಪೂರ್ತಿ ಕೆಳಗೆ, ಎಡಕ್ಕೆ ಒರಗಿಕೊಂಡು ಮಲಗಿತ್ತು. ಚೀಟಿಯ ಮೇಲೆ ಮೇಜರರ ನೆಟ್ಟಗಿನ ಸಹಿ, ಅದರ ಪಕ್ಕ ಅವನ ಬಾಗಿದ ಸಹಿ. ಮರುದಿನ ಕಾರ್ಖಾನೆಯ ಟೋಪಿ ಹಾಕಿಕೊಂಡು ಹೋಗಿ, ಹೊಸ ಮಾದರಿ ಬಂದಿದೆ ಎಂದು ಸುಳ್ಳು ಹೇಳಿ, ಬೇರೆಯದನ್ನು ನೇತುಹಾಕಿ ಬಂದ. ಅದೇ ಕಾವಲುಗಾರ ಎದ್ದು ನಿಂತು ನಮಸ್ಕಾರ ಹೊಡೆದ. ಹಳೆಯದನ್ನು ಮನೆಗೆ ತಂದು ಬಿಚ್ಚಿದಾಗ ವಾಷರ್ ಇರಬೇಕಾದ ಕಡೆ ವಾಷರೇ ಇರಲಿಲ್ಲ. ಗಾಳಿ ದಿನಕ್ಕೆ ಇಷ್ಟಿಷ್ಟೇ ಸೋರಿಹೋಗಿತ್ತು. ‘ವಾಷರ್ ಹೊಸದು?’ ಎಂದು ಅವನು ಓದಿದ್ದ. ‘ಸರಿ’ ಎಂದು ಅವರು ಹೇಳಿದ್ದರು.

ಶಾಲೆಗೆ ಹೋಗುವ ದಾರಿ ಒಂದು ಏರು. ಏರು ಹತ್ತುವಾಗ ಮೇಲೆ ಎಲ್ಲೋ ಸಣ್ಣ ವಿಮಾನದ ಸದ್ದು ಕೇಳಿಸಿತು. ತಲೆ ಎತ್ತಲಿಲ್ಲ. ಭಾನುವಾರ ಬೆಳಿಗ್ಗೆ ಊರಿನ ಹೊರಗಿನ ಬಯಲಿನಿಂದ ಹಾರುವ ಹವ್ಯಾಸಿಗಳ ಪುಟ್ಟ ವಿಮಾನಗಳಲ್ಲಿ ಒಂದು ಮೇಜರರದ್ದಾಗಿತ್ತು. ಎರಡೇ ಆಸನ, ಬಾಗಿಲು ಹಾಕಿದರೆ ಟಿಫಿನ್ ಡಬ್ಬಿಯ ಸದ್ದು. ಐವತ್ತು ದಾಟಿದ ಮೇಲೆ ಹಾರುವುದು ಕಲಿತವರು ಅವರು. ಯುದ್ಧದ ಬಗ್ಗೆ ಯಾರಾದರೂ ಕೇಳಿದರೆ ಅಲ್ಲಿನ ಊಟದ ಬಗ್ಗೆ ಹೇಳಿ ಮುಗಿಸುತ್ತಿದ್ದ ಮನುಷ್ಯ, ವಿಮಾನದ ಬಗ್ಗೆ ಕೇಳಿದರೆ ಮಾತ್ರ ಕುರ್ಚಿ ಎಳೆದು ಕೂತುಬಿಡುತ್ತಿದ್ದರು. ವಿಮಾನದಲ್ಲೂ ನಿಯಮ ಅದೇ. ಹಾಗಾಗಿ ಎತ್ತರವೆಂದರೆ ಮಹಡಿಯ ಅಂಚಿಗೂ ಹೋಗದ ಅವನು ಹನ್ನೊಂದು ವರ್ಷ ಭಾನುವಾರವೆಲ್ಲ ಅವರ ಪಕ್ಕದಲ್ಲಿ ಕೂತು, ಹೊರಗೆ ನೋಡದೆ ಪಟ್ಟಿ ನೋಡುತ್ತ, ‘ಇಂಧನ?’ ‘ಬಾಗಿಲು?’ ‘ಬೆಲ್ಟು?’ ಎಂದು ಓದಿದ. ಮೇಲೆ ಹೋದ ಮೇಲೆ ಮೇಜರ್ ಹಾಡು ಗುನುಗುತ್ತಿದ್ದರು, ರಾಗ ತಪ್ಪಿ. “ಕೆಳಗೆ ನೋಡ್ರಿ ಮೇಷ್ಟ್ರೇ, ಒಂದ್ಸಲನಾದ್ರೂ. ನಮ್ಮ ತಾಪತ್ರಯ ಎಲ್ಲಾ ಎಷ್ಟು ಚಿಕ್ಕದಾಗಿದೆ ನೋಡಿ” ಎನ್ನುತ್ತಿದ್ದರು. ಅವನು ನೋಡುತ್ತಿರಲಿಲ್ಲ. ಅವರು ಸಾಯುವುದಕ್ಕೆ ಹದಿನಾಲ್ಕು ತಿಂಗಳ ಮೊದಲು, ಶೆಡ್ಡಿನೊಳಗೆ ವಿಮಾನ ಇನ್ನೂ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾಗ, ಹೊರಡುವ ಮುಂಚಿನ ಪಟ್ಟಿ ಓದುತ್ತಿದ್ದವನು ಬೆವರಿದ ಬೆರಳಿನಿಂದ ಎರಡು ಹಾಳೆ ಒಟ್ಟಿಗೆ ಮಗುಚಿದ. ಗೊತ್ತಾಗಲಿಲ್ಲ. ಇಳಿಯುವಾಗ ಓದಬೇಕಾದ ಹಾಳೆ ಎದುರಿಗೆ ಬಂತು. ಓದಿದ: “ರನ್‌ವೇ ಕಾಣುತ್ತಿದೆ?”

“ಸರಿ” ಎಂದರು ಮೇಜರ್.

ಎದುರಿಗೆ ಎರಡು ಮಾರು ದೂರದಲ್ಲಿ ಇಟ್ಟಿಗೆಯ ಗೋಡೆ. ಗೋಡೆಯ ಮೇಲೆ ಒಂದು ಹಳೆಯ ಏಣಿ, ಒಂದು ಒದ್ದೆ ಬಟ್ಟೆ. ಅವನು ಹಾಳೆಯನ್ನು ನೋಡಿದ, ಗೋಡೆಯನ್ನು ನೋಡಿದ, ಮೇಜರರನ್ನು ನೋಡಿದ. ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಮುಂದಿನ ಪ್ರಶ್ನೆಗೆ ಕಾಯುತ್ತ, ಕ್ಲಾಸಿನಲ್ಲಿ ಕೂತ ಜಾಣ ಹುಡುಗನ ಹಾಗೆ ನೇರವಾಗಿ ಕೂತಿದ್ದರು. ತಮಾಷೆ ಇರಬಹುದೆಂದು ಕಾದ; ಮೀಸೆಯ ಕೆಳಗೆ ನಗು ಇರಲಿಲ್ಲ. ಮುಂದಿನ ಸಾಲು ಓದಿದ: “ವೇಗ ಕಡಿಮೆ?” “ಸರಿ.” ಎಂಜಿನ್ನೇ ಶುರುವಾಗಿರಲಿಲ್ಲ. ‘ಇನ್ನೊಮ್ಮೆ’ ಎನ್ನಬಹುದಿತ್ತು. ಆ ಹಕ್ಕು ಇದ್ದದ್ದೇ ಅವನಿಗೆ. ಅವರ ಸಿಟ್ಟಿಗೆ ಹೆದರಿದನೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಎಷ್ಟೋ ವರ್ಷದ ಹಿಂದೆ ಎಲ್ಲ ಕೆಲಸಗಾರರ ಎದುರಿಗೆ ಅವನು ಮೇಜರರಿಗೇ ‘ಇನ್ನೊಮ್ಮೆ’ ಎಂದಿದ್ದ. ಅವರು ಮತ್ತೆ ನೋಡಿ, ಪಿನ್ನು ಬಿರುಕು ಬಿಟ್ಟದ್ದನ್ನು ಕಂಡು, ಅವನ ಬೆನ್ನು ತಟ್ಟಿ ಇಡೀ ಕಾರ್ಖಾನೆಗೆ ಅರ್ಧ ದಿನ ರಜೆ ಕೊಟ್ಟಿದ್ದರು. ಅಂಥವರ ಸಿಟ್ಟಿನ ಭಯವಲ್ಲ ಇದು. ‘ಇನ್ನೊಮ್ಮೆ’ ಎಂದ ಮೇಲೆ ಅವರು ಗೋಡೆಯನ್ನು ಕಣ್ಣಗಲಿಸಿ ನೋಡಿ, ಮತ್ತೆ ‘ಸರಿ’ ಎಂದುಬಿಟ್ಟರೆ? ಆಮೇಲೆ ಏನು ಮಾಡುವುದು? ಆ ‘ಆಮೇಲೆ’ಯ ಒಳಗೆ ಕಾಲಿಡುವ ಧೈರ್ಯ ಅವನಲ್ಲಿರಲಿಲ್ಲ. ಹಾಳೆಯನ್ನು ಹಿಂದಕ್ಕೆ ಮಗುಚಿ, ಸರಿಯಾದ ಪಟ್ಟಿ ಓದಿದ. ಓದುತ್ತ ಓದುತ್ತ ತಾನೇ ಕದ್ದು ನೋಡಿದ, ಇಂಧನದ ಮುಳ್ಳು ಯಾವುದು, ಬೆಲ್ಟಿನ ಕೊಂಡಿ ಎಲ್ಲಿ ಎಂದು. ಅವತ್ತು ಹಾರಿದರು. ಆಮೇಲೂ ಹಾರಿದರು, ಪ್ರತಿ ಭಾನುವಾರ.

ಮೇಲೆ ಹೋದ ಮೇಲೆ ಅವರ ಕೈಗಳಿಗೆ ಎಲ್ಲ ನೆನಪಿತ್ತು. ಅದೊಂದು ವಿಚಿತ್ರ. ಇಳಿಸುವಾಗ ಒಮ್ಮೆಯೂ ಚಕ್ರ ಜಿಗಿಯಲಿಲ್ಲ. ಆದರೆ ಒಂದು ಹೊಸ ಆಟ ಶುರುವಾಗಿತ್ತು. “ಮೇಷ್ಟ್ರೇ, ಹೇಳಿ ನೋಡೋಣ, ನಮ್ಮ ಕಾರ್ಖಾನೆ ಯಾವ ಕಡೆ?” ಎನ್ನುತ್ತಿದ್ದರು. ತನ್ನ ಭಯ ಬಿಡಿಸಲು ಹೀಗೆ ಮಾಡುತ್ತಿದ್ದಾರೆಂದುಕೊಂಡು, ಹಲ್ಲು ಕಚ್ಚಿ ಕೆಳಗೆ ನೋಡಿ, ನೀರಿನ ಟ್ಯಾಂಕು ಹುಡುಕಿ, ಬೆರಳು ತೋರಿಸುತ್ತಿದ್ದ. “ಶಭಾಷ್!” ಎಂದು ಅವರು ಆ ಕಡೆ ತಿರುಗಿಸುತ್ತಿದ್ದರು. ನಾಲ್ಕನೆಯದೋ ಐದನೆಯದೋ ಸಲ, ಬೆರಳು ತೋರಿಸಲು ತಡವಾದಾಗ, ಹಿಡಿಕೆಯ ಮೇಲಿದ್ದ ಅವರ ಬೆರಳಗೆಣ್ಣು ಬೆಳ್ಳಗಾದದ್ದನ್ನು ಕಂಡ. ಆಗ ಅರ್ಥವಾಯಿತು, ಅದು ಆಟವಲ್ಲ, ದಾರಿ ಅವರಿಗೇ ನೆನಪಿಲ್ಲವೆಂದು. ನೆಲದಿಂದ ಸಾವಿರಾರು ಅಡಿ ಮೇಲೆ, ಆ ಡಬ್ಬಿಯೊಳಗೆ ಹೆದರಿದವರು ಇಬ್ಬರಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಹಾರಾಟ ಅವರಿಬ್ಬರ ಜೀವದ ಪ್ರಶ್ನೆ. ಬಿದ್ದರೆ ಇಬ್ಬರೂ ಬೀಳುತ್ತಿದ್ದರು, ಲೆಕ್ಕ ಚುಕ್ತಾ. ಕಾರ್ಖಾನೆಯದು ಹಾಗಲ್ಲ ಎಂಬುದು ಅವನಿಗೆ ಗೊತ್ತಾಗದೆ ಇರಲಿಲ್ಲ. ಸೋಮವಾರ ಬೆಳಿಗ್ಗೆ ಕುರ್ಚಿ ಹತ್ತಿ ‘ಪಿನ್ನು?’ ಎಂದರೆ ‘ಸರಿ’, ‘ಕೊಳವೆ?’ ಎಂದರೆ ‘ಸರಿ’. ಕೈ ಸಿಲಿಂಡರಿನ ಮೇಲೆ ಓಡಾಡುತ್ತಿತ್ತು. ಕಣ್ಣು ಕಿಟಕಿಯ ಹೊರಗೆಲ್ಲೋ. ಮುಂಚೆ ನೂರಕ್ಕೆ ಎರಡೋ ಮೂರೋ ತಿರಸ್ಕೃತವಾಗಿ ವಾಪಸು ಬೆಂಚಿಗೆ ಹೋಗುತ್ತಿದ್ದವು. ತುಂಬುವವರು ಎಷ್ಟು ನಿಗಾ ಮಾಡಿದರೂ ಅಷ್ಟು ತಪ್ಪು ನಡೆದೇ ನಡೆಯುತ್ತದೆ. ಅದನ್ನು ಹಿಡಿಯುವುದಕ್ಕೇ ಕೊನೆಯ ಆ ತಪಾಸಣೆ. ಈಗ ತಿಂಗಳಿಗೆ ತಿಂಗಳು ಒಂದೂ ವಾಪಸು ಹೋಗಲಿಲ್ಲ. ಕೆಲಸಗಾರರು ಹಿಗ್ಗಿದರು. ತಮ್ಮ ಕೈ ಪಳಗಿತು ಎಂದುಕೊಂಡರು. ಕುರ್ಚಿಯ ಮೇಲೆ ಕೂತವನು ಪ್ರತಿ ‘ಸರಿ’ಯ ಮುಂದೆ ಗೀಟು ಎಳೆದ. ನಾಳೆ ಹೇಳುತ್ತೇನೆ ಎಂದುಕೊಂಡ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಮಗಳಿಗೆ ಹೇಳುತ್ತೇನೆ ಎಂದುಕೊಂಡ. ರಜೆ ಮುಗಿಯಲಿ, ಹಬ್ಬ ಮುಗಿಯಲಿ ಎಂದುಕೊಂಡ. ಕೆಲವು ಸಂಜೆ ಎಲ್ಲರೂ ಹೋದ ಮೇಲೆ ಉಳಿದು, ಕೈಗೆ ಸಿಕ್ಕಷ್ಟನ್ನು ತಾನೇ ಬಿಚ್ಚಿ ನೋಡಿದ. ಹತ್ತು ನೋಡುವಷ್ಟರಲ್ಲಿ ಐವತ್ತು ಲಾರಿ ಹತ್ತಿರುತ್ತಿದ್ದವು. ಹದಿನಾಲ್ಕು ತಿಂಗಳಲ್ಲಿ ನಾಲ್ಕು ಸಾವಿರದ ಇನ್ನೂರು. ಒಂದು ಬೆಳಿಗ್ಗೆ ಮೇಜರರ ಮಿದುಳಿನಲ್ಲಿ ರಕ್ತನಾಳ ಒಡೆದು, ಕಾಫಿ ಲೋಟ ಕೆಳಗಿಡುವ ಮೊದಲೇ ಹೋಗಿಬಿಟ್ಟರು. ಸುದ್ದಿ ಕೇಳಿದಾಗ ಅವನಿಗೆ ಮೊದಲು ಅನ್ನಿಸಿದ್ದು ದುಃಖವಲ್ಲ. ಇನ್ನು ಓದುವುದು ತಪ್ಪಿತು ಎಂದು. ಅದನ್ನು ಅವನು ಹೆಂಡತಿಗೂ ಹೇಳಿಲ್ಲ. ಅವರು ಹೋಗಿ ಎರಡು ತಿಂಗಳಾಯಿತು. ಅವರ ಜಾಗಕ್ಕೆ ಬಂದ ಹೊಸಬನ ಕೈಗೆ ವಾರ್ಷಿಕ ತಪಾಸಣೆಗೆಂದು ವಾಪಸು ಬಂದವುಗಳಲ್ಲಿ ಏಳು ಖಾಲಿ ಸಿಕ್ಕವು. “ಗಿರಾಕಿಗಳು ಆಟ ಆಡ್ತಾ ಪಿನ್ನು ಕಿತ್ತಿರ್ತಾರೆ, ಬಿಡಿ ಮೇಷ್ಟ್ರೇ” ಎಂದ ಅವನು. “ಇರಬಹುದು” ಎಂದ ಇವನು.

ಶಾಲೆಯ ಸಭಾಂಗಣದ ಬಾಗಿಲಲ್ಲಿ ಮೇಜರರ ದೊಡ್ಡ ಫೋಟೋ. ವಿಮಾನದ ರೆಕ್ಕೆಗೆ ಒರಗಿ, ಕಣ್ಣು ಕಿರಿದು ಮಾಡಿ ನಗುತ್ತಿದ್ದಾರೆ. ಪಕ್ಕದ ಮೇಜಿನ ಮೇಲೆ ಅಚ್ಚಾದ ಪುಸ್ತಿಕೆಗಳ ರಾಶಿ: ‘ಸೈನಿಕ, ಉದ್ಯಮಿ, ವಿಮಾನಿ’. ಯಾರೋ ಒಂದನ್ನು ಅವನ ಕೈಗೆ ತುರುಕಿದರು. ತೆರೆದ ಪುಟದಲ್ಲೇ ಇತ್ತು: ‘ಅವರ ಕೊನೆಯ ವರ್ಷದಲ್ಲಿ ಒಂದೇ ಒಂದು ಸಿಲಿಂಡರ್ ಕೂಡ ತಿರಸ್ಕೃತವಾಗಲಿಲ್ಲ ಎಂಬುದು ಅವರು ಕಟ್ಟಿದ ಶಿಸ್ತಿಗೆ ಸಾಕ್ಷಿ.’ ಪುಸ್ತಿಕೆ ಮಡಚಿ ಜೇಬಿಗೆ ಹಾಕಿಕೊಂಡ, ಹಾಕಿಕೊಳ್ಳುವಾಗ ಭಾಷಣದ ಹಾಳೆ ಸುಕ್ಕಾಯಿತು. ಒಳಗೆ ಸಾಲು ಸಾಲು ಕುರ್ಚಿ. ವೇದಿಕೆಯ ಎಡಗಡೆ, ಹೊರಹೋಗುವ ಬಾಗಿಲಿನ ಪಕ್ಕ, ಗೋಡೆಯ ಮೇಲೆ ಒಂದು ಕೆಂಪು ಸಿಲಿಂಡರ್. ಈ ಶಾಲೆಯಲ್ಲಿ ಒಟ್ಟು ಒಂಬತ್ತಿವೆ ಎಂದು ಅವನಿಗೆ ಕಂಠಪಾಠ. ಒಂಬತ್ತನ್ನೂ ಓದಿದವನು ಅವನೇ, ಹೋದ ವರ್ಷ. ಇಂದು ಮಕ್ಕಳಿಲ್ಲ. ಆದರೂ ಗೋಡೆಯ ಕೆಳಭಾಗದಲ್ಲಿ, ಸೊಂಟದ ಎತ್ತರಕ್ಕೆ, ಸಾಲಾಗಿ ಹೋಗುವಾಗ ಸವರಿದ ಸಣ್ಣ ಕೈಗಳ ಕೊಳೆ ಒಂದು ಉದ್ದನೆಯ ಗೆರೆಯಾಗಿ ಬಾಗಿಲವರೆಗೂ ಹೋಗಿತ್ತು. ಮುಳ್ಳು ಎಲ್ಲಿದೆಯೆಂದು ದೂರದಿಂದ ಕಾಣುತ್ತಿರಲಿಲ್ಲ. ಹತ್ತಿರ ಹೋಗಲು ಎರಡು ಹೆಜ್ಜೆ ಇಟ್ಟ. ಯಾರೋ ಹಳೆಯ ಗಿರಾಕಿ ಕೈ ಹಿಡಿದುಕೊಂಡು, “ಎಂಥಾ ಮನುಷ್ಯ ಹೋಗ್ಬಿಟ್ರು” ಎಂದು ಕಣ್ಣೊರೆಸಿಕೊಂಡ. ಇವನ ಕಣ್ಣೂ ತುಂಬಿದವು, ಅದು ಸುಳ್ಳಲ್ಲ. ಮೇಜರರನ್ನು ಅವನು ಪ್ರೀತಿಸಿದ್ದ. ಅದೇ ಎಲ್ಲ ಕೆಡಿಸಿತು ಎಂದೂ ಅನ್ನಿಸಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಮೇಜರರ ಮಗಳು ಮೈಕಿನ ವೈರು ಸುತ್ತುತ್ತ ನಿಂತಿದ್ದಳು. ಮೊಣಕಾಲು ಎತ್ತರವಿದ್ದಾಗಿನಿಂದ ಅವನ ಪಾಲಿಗೆ ಪುಟ್ಟಿ. ಎರಡು ತಿಂಗಳಿಂದ ಮಾಲೀಕಳು. ಮೇಡಂ ಎನ್ನಲು ಹೋಗಿ ದಿನಕ್ಕೆ ನಾಲ್ಕು ಸಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. “ಅಂಕಲ್, ನೀವೇ ಕೊನೇಲಿ ಮಾತಾಡೋದು. ನಿಮ್ಮ ಮಾತೇ ಕಿವೀಲಿ ಉಳೀಬೇಕು” ಎಂದಳು. ಅವಳ ಕಣ್ಣ ಸುತ್ತ ಕಪ್ಪು. ಅವನು ಬಾಗಿಲು ಮುಚ್ಚಿದ. ಹೇಳಬೇಕೆಂದು ಬಂದವನಲ್ಲ. ಬಾಯಿ ತಾನಾಗಿ ತೆರೆಯಿತು, ವಾಂತಿ ಬಂದಂತೆ.

“ಪುಟ್ಟಿ, ನಿಮ್ಮಪ್ಪ ನೋಡ್ತಿರ್ಲಿಲ್ಲ” ಎಂದ.

“ಏನು?”

“ಸಿಲಿಂಡರು. ಕೊನೇ ಹದಿನಾಲ್ಕು ತಿಂಗಳು ಅವ್ರು ನೋಡ್ತಿರ್ಲಿಲ್ಲ. ಏನು ಓದಿದ್ರೂ ಸರಿ ಅಂತಿದ್ರು. ನಂಗೆ ಗೊತ್ತಿತ್ತು. ನಾನು ಓದ್ತಾನೇ ಇದ್ದೆ.” ಗೋಡೆಯ ಕಡೆ ಮುಖ ಮಾಡಿ ನಿಂತ ವಿಮಾನದ ಕತೆ ಹೇಳಿದ, ಬಟ್ಟೆ ಅಂಗಡಿಯ ಕತೆ ಹೇಳಿದ, ಏಳು ಖಾಲಿ ಸಿಕ್ಕದ್ದು ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಆಶ್ಚರ್ಯ, ಎಷ್ಟು ಬೇಗ ಮುಗಿದುಹೋಯಿತೆಂದು. ಇಷ್ಟು ಸಣ್ಣ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ದಿನ ಹೇಗೆ ನಡೆದಾಡಿದೆ ಎಂದು. ಅವಳು ವೈರಿನ ಸುರುಳಿ ಕೈಯಲ್ಲಿ ಹಿಡಿದೇ ನಿಂತಿದ್ದಳು. ಬೈಯುತ್ತಾಳೆಂದು ಕಾದ. ಬೈದರೆ ಅರ್ಧ ಭಾರ ಇಳಿಯುತ್ತಿತ್ತು.

“ಅಪ್ಪನಿಗೆ ಗೊತ್ತಿತ್ತಾ ಅಂಕಲ್? ತಾನು ನೋಡ್ತಿಲ್ಲ ಅಂತ?” ಎಂದಳು ಕಡೆಗೆ, ತೀರ ಸಣ್ಣ ಧ್ವನಿಯಲ್ಲಿ.

ಆ ಪ್ರಶ್ನೆಯನ್ನು ಅವನು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದ ಹಾಗೆ ಬಹಳ ಜೋಪಾನ ಮಾಡಿದ್ದ. ಈಗ ಕಣ್ಣಿಗೆ ಕಟ್ಟಿತು: ಕೊನೆಯ ತಿಂಗಳುಗಳಲ್ಲಿ ಪ್ರತಿ ‘ಸರಿ’ಯ ನಂತರ ಮೇಜರ್ ಒಂದು ಗಳಿಗೆ ತಲೆ ಎತ್ತಿ ಕುರ್ಚಿಯ ಕಡೆ ನೋಡುತ್ತಿದ್ದರು. ಅವನ ಮುಖವನ್ನೇ ನೋಡುತ್ತಿದ್ದರು. ಬೇಗ ಓದಲಿ ಎಂದು ಹಾಗೆ ನೋಡುತ್ತಾರೆಂದುಕೊಂಡು ಅವನು ಅವಸರವಾಗಿ ಮುಂದಿನ ಸಾಲು ಓದುತ್ತಿದ್ದ. ಅವರು ಕಾಯುತ್ತಿದ್ದರು. ಆ ಮೀಸೆಯ ಮನುಷ್ಯ, ಗುಂಡಿನ ಸದ್ದಿನ ನಡುವೆ ಬದುಕಿ ಬಂದವನು, ‘ಇನ್ನೊಮ್ಮೆ’ ಎಂಬ ಒಂದು ಮಾತಿಗಾಗಿ ತನ್ನ ಗುಮಾಸ್ತನ ಮುಖ ನೋಡುತ್ತ ನಿಂತಿದ್ದ. ತನ್ನನ್ನು ಯಾರಾದರೂ ಹಿಡಿಯಲಿ ಎಂದು, ಹಿಡಿದುಬಿಟ್ಟರೆ ಹೇಗೆಂದು ಹೆದರಿಕೊಂಡು. ದಿನಕ್ಕೆ ಹತ್ತಾರು ಸಲ. ಹದಿನಾಲ್ಕು ತಿಂಗಳು.

“ಗೊತ್ತಿತ್ತಮ್ಮ” ಎಂದ.

ಅವಳು ವೈರು ಕೆಳಗಿಟ್ಟು ಕುರ್ಚಿಯ ಮೇಲೆ ಕೂತಳು. ಹೊರಗೆ ಯಾರೋ ಮೈಕಿಗೆ ಊದಿ ‘ಹಲೋ ಹಲೋ’ ಎಂದರು. “ಇವತ್ತು ಬೇಡ ಅಂಕಲ್” ಎಂದಳು. “ಅಮ್ಮ ಮುಂದಿನ ಸಾಲಲ್ಲೇ ಕೂತಿದ್ದಾರೆ. ಇವತ್ತೊಂದಿನ ಹೋಗ್ಲಿ. ನಾಳೆ ಕೂತ್ಕೊಂಡು ಏನ್ಮಾಡೋದು ಅಂತ ನೋಡೋಣ.” “ಆಗ್ಲಿ” ಎಂದ ಅವನು, ಅವಳ ಮಾತು ಮುಗಿಯುವ ಮೊದಲೇ. ಎದೆಯೊಳಗೆ ಏನೋ ಸಡಿಲವಾಯಿತು, ಬಿಸಿ ಕಾಫಿ ಕುಡಿದಷ್ಟು ಹಿತವಾಯಿತು. ಆ ಹಿತಕ್ಕೆ ಅವನಿಗೆ ನಾಚಿಕೆಯಾಯಿತು. ನಾಳೆ ಎಂಬ ಮಾತು ಅವನಿಗೆ ಗೊತ್ತಿದ್ದ ಮಾತು. ಅವಳು ಕಣ್ಣೊರೆಸಿಕೊಂಡು, ಸೀರೆ ಸರಿಮಾಡಿಕೊಂಡು, ಬಾಗಿಲು ತೆರೆದಳು. ಹೊರಗೆ ಹೋಗುವಾಗ ಅವಳ ಕಣ್ಣು ಎಡಗಡೆಯ ಗೋಡೆಯ ಕಡೆ ಹೋಗಿ, ಸುಟ್ಟುಕೊಂಡಂತೆ ಹಿಂದೆ ಸರಿದದ್ದನ್ನು ಅವನು ಕಂಡ. ಈಗ ಅವಳಿಗೂ ಅದು ಕಾಣಿಸತೊಡಗಿತ್ತು. ಇನ್ನು ಎಲ್ಲ ಗೋಡೆಗಳ ಮೇಲೂ ಕಾಣಿಸುತ್ತದೆ.

ಸಭೆ ಶುರುವಾಯಿತು. ಸೈನ್ಯದ ಗೆಳೆಯರೊಬ್ಬರು ಮಾತಾಡಿದರು. ಕೆಸರಿನಲ್ಲಿ ಹೂತ ಲಾರಿಯನ್ನು ರಾತ್ರಿಯಿಡೀ ಎಳೆದದ್ದು, ಬೆಳಗಾದ ಮೇಲೆ ನೋಡಿದರೆ ಅದು ಶತ್ರುಗಳ ಲಾರಿಯಾಗಿದ್ದದ್ದು. ಎಲ್ಲರೂ ನಕ್ಕರು, ಮೇಜರರ ಹೆಂಡತಿಯೂ ಸೆರಗು ಬಾಯಿಗಿಟ್ಟು ನಕ್ಕರು. ಹಾರಾಟದ ಬಯಲಿನವರೊಬ್ಬರು ಮಾತಾಡಿದರು. ಅಷ್ಟು ಜೋಪಾನದ ವಿಮಾನಿಯನ್ನು ತಾವು ಕಂಡಿಲ್ಲ, ಪಟ್ಟಿ ಓದಿಸದೆ ಚಕ್ರ ಉರುಳಿಸಿದವರಲ್ಲ ಎಂದರು. ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂತ ಅವನ ಅಂಗೈ ಬೆವರಿ, ಹಾಳೆಯ ಮೂಲೆ ಮೆತ್ತಗಾಗಿತ್ತು. ಎರಡನೆಯ ವಾಕ್ಯ ಬಿಟ್ಟು ಓದಿದರಾಯಿತು ಎಂದುಕೊಂಡ. ಒಂದು ವಾಕ್ಯ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕೆಳಗೆ ನಾಲ್ಕನೆಯ ಸಾಲಿನಲ್ಲಿ ಹೆಂಡತಿ ಕೂತು, ಧೈರ್ಯ ಹೇಳುವ ಹಾಗೆ ತಲೆಯಾಡಿಸಿದಳು. ಆಮೇಲೆ ಶಾಲೆಯ ಹೆಡ್‌ಮಿಸ್ ಎದ್ದರು. ಅರವತ್ತು ಸಮೀಪಿಸಿದ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ, ದಪ್ಪ ಹೆಂಗಸು. ಭಾಷಣ ಬರೆದುಕೊಂಡು ಬಂದಿರಲಿಲ್ಲ. “ನಾನು ಹೆಚ್ಚು ಹೇಳಲ್ಲ. ನಮ್ಮಲ್ಲಿ ಆರುನೂರು ಮಕ್ಕಳಿದ್ದಾರೆ. ಹೋದ ವರ್ಷ ಇಲ್ಲಿ ಪಕ್ಕದ ಬೀದೀಲಿ ಬೆಂಕಿ ಬಿದ್ದಾಗ ತಾಯಂದಿರೆಲ್ಲ ಓಡಿ ಬಂದ್ರು. ನಾನು ಏನು ಮಾಡ್ದೆ ಗೊತ್ತಾ? ಅವ್ರನ್ನ ಇಲ್ಲಿಗೆ ಕರ್ಕೊಂಡ್ಬಂದು, ಅಗೋ ಅದ್ರ ಮೇಲಿನ ಚೀಟಿ ತೋರಿಸ್ದೆ. ಮೇಜರ್ ಸಹಿ ಇದೆ ನೋಡಿ, ಮನೆಗೆ ಹೋಗಿ ಅಂದೆ. ಹೋದ್ರು” ಎಂದರು. ಬೆರಳು ತೋರಿಸಿದ ಕಡೆ ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಅವನಿಗೆ ಸದ್ದು ಕೇಳಲಿಲ್ಲ. ಕಿವಿಯೊಳಗೆ ವಿಮಾನದ ಎಂಜಿನ್ನು ಓಡುತ್ತಿದ್ದಂತೆ ಒಂದು ಗುಂಯ್‌ಗುಡುವಿಕೆ. ಚೀಟಿಯ ಮೇಲೆ ಸಹಿ ಎರಡು ಇದ್ದವು. ಎರಡನೆಯದನ್ನು ಯಾರೂ ಹೇಳಲಿಲ್ಲ.

ಅವನ ಹೆಸರು ಕೂಗಿದರು. ಎದ್ದ. ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದ. ಪುಟ್ಟಿ ಮಡಿಲಲ್ಲಿನ ಕೈ ನೋಡಿಕೊಳ್ಳುತ್ತ ಕೂತಿದ್ದಳು. ಅವಳಿಗೆ ಮಾತು ಕೊಟ್ಟಿದ್ದ. ಮೊದಲ ವಾಕ್ಯ ಓದಿದ. ಬಸ್ಸುಗಳನ್ನು ಕೂಗಿದ, ಸಾವಿರಾರು ಪಿನ್ನು ಕೊಳವೆಗಳನ್ನು ಕೂಗಿದ, ಒಂದು ದಿನವೂ ನಡುಗದ ಧ್ವನಿ. ಎರಡನೆಯ ವಾಕ್ಯದ ಹತ್ತಿರ ಬಂದು, ಅದನ್ನು ಹಾರಿಸಿ ಮೂರನೆಯದಕ್ಕೆ ಕಣ್ಣು ಇಳಿಸಿದ. ಮೂರನೆಯದು ಮಂಜಾಗಿತ್ತು. ಹಾಳೆಯನ್ನು ಕೆಳಗಿಳಿಸಿದ.

“ಆ ಸಿಲಿಂಡರ್ ಮೇಜರ್ ನೋಡಿಲ್ಲ” ಎಂದ. “ಕೊನೆ ಕೊನೆಗೆ ಅವ್ರಿಗೆ ಹುಷಾರಿರ್ಲಿಲ್ಲ. ಏನು ನೋಡ್ತಿದೀನಿ ಅಂತ ಅವ್ರಿಗೆ ತಿಳೀತಿರ್ಲಿಲ್ಲ. ನಂಗೆ ತಿಳೀತಿತ್ತು. ಸಹಿ ನಂದೂ ಇದೆ.”

ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು, ಇನ್ನಷ್ಟು ಕೈಗಳು ಸೇರಿದವು. ಪಟ್ಟಿ ಮೇಷ್ಟ್ರು ಯಜಮಾನರ ತಪ್ಪನ್ನೂ ತಮ್ಮ ತಲೆಗೆ ಕಟ್ಟಿಕೊಳ್ಳುತ್ತಿದ್ದಾರೆ, ಎಂಥ ದೊಡ್ಡ ಗುಣ ಎಂದು. ಇದನ್ನು ಅವನು ಊಹಿಸಿರಲಿಲ್ಲ. ಇಲ್ಲಿಗೇ ನಿಲ್ಲಿಸಿ ಕೈಮುಗಿದರೆ ಆಯಿತು; ಹೇಳಿದಂತೆಯೂ ಆಗುತ್ತದೆ, ಹೇಳದಂತೆಯೂ ಉಳಿಯುತ್ತದೆ. ಮೈಕಿನ ಕಂಬ ಹಿಡಿದುಕೊಂಡ.

“ಚಪ್ಪಾಳೆ ಹೊಡೀಬೇಡಿ” ಎಂದ. ಧ್ವನಿ ಒಡೆಯಿತು, ಜೀವನದಲ್ಲಿ ಮೊದಲ ಸಲ. “ದಯವಿಟ್ಟು ಹೊಡೀಬೇಡಿ. ನಾಲ್ಕು ಸಾವಿರದ ಇನ್ನೂರು ಇವೆ. ಅದ್ರಲ್ಲಿ ನೂರಾದ್ರೂ ಖಾಲಿ ಇರುತ್ವೆ. ಯಾವ ನೂರು ಅಂತ ನಂಗೆ ಗೊತ್ತಿಲ್ಲ. ನಿಮ್ಮ ಅಂಗಡೀಲಿರಬಹುದು. ಇಲ್ಲಿ ಇರಬಹುದು. ನಂಗೆ ಗೊತ್ತಿಲ್ಲ.”

ಚಪ್ಪಾಳೆ ಅಲ್ಲಲ್ಲಿ ಸತ್ತಿತು. ಮೇಜರರ ಹೆಂಡತಿ ಅವನನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಏನಿದೆಯೆಂದು ಓದುವ ಧೈರ್ಯ ಅವನಿಗಿರಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಹೆಂಡತಿ ಅರ್ಧ ಎದ್ದು ನಿಂತಿದ್ದಳು. ಯಾರೋ “ಏನ್ರೀ ಇದು?” ಎಂದರು, ಯಾರೋ “ಕೂರಿಸ್ರೀ ಅವ್ರನ್ನ” ಎಂದರು. ಕುರ್ಚಿಗಳು ಕಿರ್ರೆಂದವು. ಅಷ್ಟರಲ್ಲಿ ಹೆಡ್‌ಮಿಸ್ ತಮ್ಮ ಜಾಗದಿಂದ ಎದ್ದು, ವೇದಿಕೆಯ ಮೆಟ್ಟಿಲು ಇಳಿದು, ಯಾರ ಕಡೆಗೂ ನೋಡದೆ ಎಡಗಡೆಯ ಗೋಡೆಯ ಹತ್ತಿರ ಹೋದರು. ಅವರ ಚಪ್ಪಲಿಯ ಸದ್ದು ಒಂದೇ ಕೇಳುತ್ತಿತ್ತು. ಸಿಲಿಂಡರಿನ ಮುಂದೆ ನಿಂತು, ಚೀಟಿಯನ್ನು ಪಕ್ಕಕ್ಕೆ ಸರಿಸಿ, ಅವನ ಕಡೆ ತಿರುಗಿದರು.

“ಏನು ನೋಡ್ಬೇಕು? ಹೇಳಿ” ಎಂದರು.

ಅವನಿಗೆ ಪಟ್ಟಿ ಬೇಕಿರಲಿಲ್ಲ. ಪುಟ್ಟಿ ತಲೆ ಎತ್ತಿ, ಅವನನ್ನಲ್ಲ, ಗೋಡೆಯನ್ನು ನೋಡುತ್ತಿದ್ದಳು.

“ಮುಳ್ಳು ಹಸಿರಿನಲ್ಲಿ?” ಎಂದ.

ಹೆಡ್‌ಮಿಸ್ ಕೊರಳಿನ ಕನ್ನಡಕವನ್ನು ಎತ್ತಿ ಸೆರಗಿನಿಂದ ಒರೆಸಿದರು. ಒಂದು ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಒರೆಸಿದರು. ಕಣ್ಣಿಗೇರಿಸಿಕೊಂಡರು. ಬಗ್ಗಿದರು. ಅವಸರ ಮಾಡಲಿಲ್ಲ. ಇನ್ನೂರು ಜನ ಅವರ ಬೆನ್ನು ನೋಡುತ್ತ ಕೂತರು. ಮೈಕಿನ ಮುಂದೆ ಅವನು ಕಂಬ ಹಿಡಿದು, ಉತ್ತರಕ್ಕೆ ಕಾಯುತ್ತ ನಿಂತ. ಅವರು ಇನ್ನೂ ನೋಡುತ್ತಿದ್ದರು.